ಪೈಲ್ವಾನನ ಖುರಾಕು, ವಿದ್ಯಾರ್ಥಿಯ ಫೀಸು: ಎರಡು ಖಾತೆಗಳ ಕತೆ

ಕಲಬುರಗಿಯಿಂದ ಮಾತಾಡ್ತಾ ಇದ್ದೀನಿ. ಈ ವಾರದ ಕತೆಯನ್ನು 1956ರಿಂದ ಶುರು ಮಾಡಿ, ಆಮೇಲೆ ಎಂಟುನೂರು ವರ್ಷ ಹಿಂದಕ್ಕ ಹೋಗೋಣ.

1956ರಲ್ಲಿ ಎರಡು ಕೆಲಸ ಆದವು. ಒಂದು ಅಮೆರಿಕದಲ್ಲಿ. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ, ಆಟ ಚೆನ್ನಾಗಿ ಆಡ್ತಾನೆ ಅನ್ನುವ ಒಂದೇ ಕಾರಣಕ್ಕೆ ವಿದ್ಯಾರ್ಥಿಯೊಬ್ಬನಿಗೆ ಫೀಸು, ಊಟ, ವಸತಿ, ಪುಸ್ತಕ ಎಲ್ಲಾ ಕೊಡಬಹುದು ಅಂತ ಅಧಿಕೃತವಾಗಿ ಒಪ್ಪಿಕೊಂಡಿತು. ಇನ್ನೊಂದು ನಮ್ಮಲ್ಲಿ. 1956-57ರ ಸಾಲಿನಿಂದ ಭಾರತ ಸರ್ಕಾರ ಮೌಲಾನಾ ಅಬುಲ್ ಕಲಾಂ ಆಜಾದ್ ಹೆಸರಿನಲ್ಲಿ ಒಂದು ಟ್ರೋಫಿ ಶುರು ಮಾಡಿತು. ಅಂತರ ವಿಶ್ವವಿದ್ಯಾಲಯ ಕ್ರೀಡೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಆಡಿದ ವಿಶ್ವವಿದ್ಯಾಲಯಕ್ಕೆ ಆ ಟ್ರೋಫಿ. ಅಲ್ಲಿ ದುಡ್ಡು ಹುಡುಗನ ಕೈಗೆ ಹೋಯ್ತು, ಇಲ್ಲಿ ಟ್ರೋಫಿ ವಿಶ್ವವಿದ್ಯಾಲಯದ ಕಪಾಟಿಗೆ ಹೋಯ್ತು.

ಎರಡಕ್ಕೂ ಒಂದಕ್ಕೊಂದು ಸಂಬಂಧ ಇಲ್ಲ ಬಿಡ್ರಿ, ವರ್ಷ ಅಷ್ಟೇ ಒಂದು. ಆದರೂ ಇವತ್ತು ಕಲಬುರಗಿಯ ಕರಾಟೆ ಕ್ಲಾಸಿನ ಹೊರಗೆ ಸ್ಕೂಟರ್ ನಿಲ್ಲಿಸಿಕೊಂಡು ಕಾಯುವ ಅಪ್ಪ-ಅಮ್ಮಂದಿರು ಕೇಳುವ ಪ್ರಶ್ನೆ ಇದೆಯಲ್ಲ, "ಮಗಳಿಗೆ ಇಷ್ಟು ಮೆಡಲ್ ಬಂದಾವ, ಫಾರಿನ್ ಕಾಲೇಜಿನಾಗ ಸ್ಕಾಲರ್‌ಶಿಪ್ ಸಿಗ್ತದೇನ್ರಿ?" ಅಂತ, ಅದಕ್ಕೆ ಉತ್ತರ ಈ ಎರಡು ಘಟನೆಗಳ ನಡುವೆ ಎಲ್ಲೋ ಅದ. ನಾನು ಓದಿದ್ದು ಬಿ.ಕಾಂ. ಇತಿಹಾಸ ಓದುವಾಗಲೂ ದುಡ್ಡು ಯಾವ ಖಾತೆಯಿಂದ ಹೋಯ್ತು, ಯಾವ ಖಾತೆಗೆ ಬಂತು ಅಂತ ನೋಡೋದು ನನಗೆ ರೂಢಿ. ಹಂಗಾಗಿ ಇವತ್ತಿನ ಪ್ರಶ್ನೆ ಒಂದೇ: ಕುಸ್ತಿ ಆಡುವ, ಜೂಡೊ ಆಡುವ ಹುಡುಗನ ಊಟಕ್ಕೂ ಓದಿಗೂ ಯಾರು ಪೈಸೆ ಕೊಟ್ಟರು?

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡೀರಿ. ಮಹಾಗಾಂವ್ ಕ್ರಾಸ್ ದಾಟಿದರೆ ಕಮಲಾಪುರ. ಕೆಂಪು ಬಾಳೆಹಣ್ಣಿನ ಊರು, ಈಗ ತಾಲ್ಲೂಕು ಕೇಂದ್ರ. ಅಲ್ಲಿಂದ ಹಂಗೇ ಮುಂದೆ ಹುಮನಾಬಾದ್, ಅದರಾಚೆ ಬಸವಕಲ್ಯಾಣ. ಆ ಕಲ್ಯಾಣದಲ್ಲಿ ಕೂತು ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1130ರಲ್ಲಿ ‘ಮಾನಸೋಲ್ಲಾಸ’ ಎಂಬ ಸಂಸ್ಕೃತ ಗ್ರಂಥ ಬರೆದ. ಅಡುಗೆ, ಆನೆ, ಸಂಗೀತ, ಮೀನು ಹಿಡಿಯೋದು, ಏನಿಲ್ಲ ಅದರಾಗ. ಅದರಲ್ಲಿ ಮಲ್ಲರ ಬಗ್ಗೆಯೂ ಒಂದು ಭಾಗ ಇದೆ. ಮಲ್ಲರನ್ನು ವಯಸ್ಸು, ಮೈಕಟ್ಟು, ಬಲ ನೋಡಿ ವಿಂಗಡಿಸುತ್ತಾನೆ. ಅವರು ಏನು ವ್ಯಾಯಾಮ ಮಾಡಬೇಕು, ಏನು ತಿನ್ನಬೇಕು ಅಂತ ಹೇಳುತ್ತಾನೆ. ಬೇಳೆಕಾಳು, ಮಾಂಸ, ಹಾಲು, ಸಕ್ಕರೆ, ಒಳ್ಳೆಯ ಸಿಹಿತಿಂಡಿ. ಇದನ್ನೆಲ್ಲ ಒದಗಿಸುವ ಹೊಣೆ ಅರಸನದು. ಅಂದರೆ ಸ್ಟೈಪೆಂಡ್! ತೊಗರಿ ಕಣಜ ಅಂತ ಕರೆಸಿಕೊಳ್ಳುವ ಈ ಸೀಮೆಯಲ್ಲಿ ಮೊದಲ ಕ್ರೀಡಾ ಸ್ಟೈಪೆಂಡಿನ ಪಟ್ಟಿಯಲ್ಲೇ ಬೇಳೆ ಇತ್ತು ಅನ್ನೋದು ನನಗೆ ಭಾಳ ಖುಷಿ ಕೊಟ್ಟ ವಿಷಯ.

ಆದರೆ ಒಂದು ಮಾತು ಗಮನಿಸ್ರಿ. ಮಲ್ಲರನ್ನು ಅರಮನೆಯ ಉಳಿದ ಬದುಕಿನಿಂದ ಬೇರೆ ಇಡಬೇಕು, ಅವರಿಗೆ ಮೈ ಬೆಳೆಸೋದು ಬಿಟ್ಟು ಬೇರೆ ಧ್ಯಾನ ಇರಬಾರದು ಅನ್ನೋದು ಆ ಕಾಲದ ವ್ಯವಸ್ಥೆ. ಅದೇ ಅರಮನೆಯಲ್ಲಿ ಪಂಡಿತರಿಗೂ ದಾನ ಇತ್ತು. ಮಲ್ಲನಿಗೆ ಖುರಾಕು ಒಂದು ಖಾತೆ, ಪಂಡಿತನಿಗೆ ದಾನ ಇನ್ನೊಂದು ಖಾತೆ. ಖಜಾನೆ ಒಂದೇ, ಲೆಕ್ಕ ಎರಡು. ಈ ಎರಡು ಖಾತೆ ನೆನಪಿಟ್ಟುಕೊಳ್ರಿ, ಕತೆ ಪೂರ್ತಿ ಇದರ ಮೇಲೇ ನಿಂತದ.

ಮಧ್ಯದ ಶತಮಾನಗಳನ್ನು ಜಿಗಿದುಬಿಡ್ತೀನಿ. ಬಹಮನಿಗಳು ಬಂದರು, ಹೋದರು. ನಮ್ಮ ತಾಲೀಮುಗಳ ಮಾತಿನಲ್ಲಿ ಉಸ್ತಾದ್, ಖುರಾಕು, ದಂಡ, ಬೈಠಕ್, ಪೈಲ್ವಾನ್ ಎಲ್ಲ ಸೇರಿಕೊಂಡವು. ಕೆಂಪು ಮಣ್ಣಿನ ಅಖಾಡದಾಗ ಜಾತಿ-ಧರ್ಮದ ಲೆಕ್ಕ ಸ್ವಲ್ಪ ಸಡಿಲ ಆಗೋದು ಇಲ್ಲಿನ ಹಳೇ ರೂಢಿ. ಅದು ಬೇರೆ ಸಂಚಿಕೆಗೆ ಆಗುವಷ್ಟು ದೊಡ್ಡ ವಿಷಯ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಬರೋಣ. ಕಲಬುರಗಿ ಆಗ ನಿಜಾಮನ ಹೈದರಾಬಾದ್ ರಾಜ್ಯದಲ್ಲಿ. 1895ರಲ್ಲಿ ಅದೇ ರಾಜ್ಯದ ಸ್ಕಾಲರ್‌ಶಿಪ್ ಪಡೆದು ಹದಿನಾರರ ಒಬ್ಬ ಹುಡುಗಿ ಇಂಗ್ಲೆಂಡಿಗೆ ಹೋದಳು. ಲಂಡನ್ನಿನ ಕಿಂಗ್ಸ್ ಕಾಲೇಜು, ಆಮೇಲೆ ಕೇಂಬ್ರಿಜ್‌ನ ಗರ್ಟನ್. ಮುಂದೆ ನಾವೆಲ್ಲ ಅವರನ್ನು ಸರೋಜಿನಿ ನಾಯ್ಡು ಅಂತ ಓದಿದ್ವಿ. ಅವರ ತಂದೆ ಹೈದರಾಬಾದಿನಲ್ಲಿ ನಿಜಾಂ ಕಾಲೇಜಿನ ಪ್ರಾಂಶುಪಾಲರು. ನಮ್ಮ ಜಿಲ್ಲೆಯ ರೈತ ಕಟ್ಟಿದ ಕಂದಾಯವೂ ಆ ಖಜಾನೆಗೇ ಹೋಗ್ತಿತ್ತು. ವಿದೇಶಿ ಓದಿಗೆ ದುಡ್ಡು ಇತ್ತು, ಆದರೆ ಅದರ ಸುದ್ದಿ, ಅದಕ್ಕೆ ಬೇಕಾದ ಇಂಗ್ಲಿಷು, ಅದಕ್ಕೆ ಬೇಕಾದ ಪರಿಚಯ ರಾಜಧಾನಿಯ ಒಳಗೇ ತಿರುಗ್ತಿತ್ತು. ಇದು ಇವತ್ತಿಗೂ ಪೂರ್ತಿ ಬದಲಾಗಿಲ್ಲ.

ನಮ್ಮ ಪಶ್ಚಿಮಕ್ಕೆ ಕೊಲ್ಹಾಪುರ. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಕಲಬುರಗಿ ಸೀಮೆಯ ಪೈಲ್ವಾನರಿಗೆ ಕೊಲ್ಹಾಪುರ ಅಂದರೆ ದೊಡ್ಡ ಯೂನಿವರ್ಸಿಟಿ ಇದ್ದಂಗ. ಅದನ್ನು ಹಂಗೆ ಮಾಡಿದವರು ಶಾಹು ಮಹಾರಾಜರು. ತಾಲೀಮು ಕಟ್ಟಿಸಿದರು, ಪೈಲ್ವಾನರನ್ನು ಸಾಕಿದರು, 1912ರ ಹೊತ್ತಿಗೆ ಖಾಸಬಾಗ್ ಮೈದಾನ ಎದ್ದು ನಿಂತಿತು. ಅದೇ ಶಾಹು ಮಹಾರಾಜರು 1901ರಿಂದ ಒಂದಾದ ಮೇಲೊಂದು ವಿದ್ಯಾರ್ಥಿ ಬೋರ್ಡಿಂಗ್ ಶುರು ಮಾಡಿಸಿದರು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, ಮುಸ್ಲಿಮರಿಗೆ, ಅಸ್ಪೃಶ್ಯರೆಂದು ದೂರ ಇಟ್ಟವರಿಗೆ. ಬರೋಡಾದ ಸಯಾಜಿರಾವ್ ಗಾಯಕವಾಡರ ಸ್ಕಾಲರ್‌ಶಿಪ್ಪಿನಿಂದ 1913ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾಕ್ಕೆ ಹೋಗಿ ಬಂದ ಅಂಬೇಡ್ಕರರು, 1920ರಲ್ಲಿ ಮತ್ತೆ ಲಂಡನ್ನಿಗೆ ಹೊರಟಾಗ ನೆರವಾದವರಲ್ಲಿ ಶಾಹು ಮಹಾರಾಜರೂ ಒಬ್ಬರು.

ನೋಡ್ರಿ, ಕುಸ್ತಿಗೂ ಕೊಟ್ಟವರು, ವಿದೇಶದ ಓದಿಗೂ ಕೊಟ್ಟವರು. ಇಂಥ ದೊಡ್ಡ ಮನಸ್ಸಿನ ದೊರೆಯ ಲೆಕ್ಕದಲ್ಲೂ ತಾಲೀಮಿನ ಹುಡುಗ ಬೇರೆ, ಬೋರ್ಡಿಂಗಿನ ಹುಡುಗ ಬೇರೆ. ಅಖಾಡದಲ್ಲಿ ಗೆದ್ದವನನ್ನು ಓದಲು ಪರದೇಶಕ್ಕೆ ಕಳಿಸೋಣ ಅನ್ನುವ ಯೋಚನೆ ಆಗ ಹುಟ್ಟಿರಲಿಲ್ಲ. ತಪ್ಪು ಹುಡುಕಿ ಹೇಳ್ತಿಲ್ಲ, ಆ ಕಾಲಕ್ಕೆ ಲಂಡನ್ನಿನಲ್ಲೂ ಅಂಥ ಖಾತೆ ಇರಲಿಲ್ಲ.

ಅದೇ 1920. ಬೆಲ್ಜಿಯಂನ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ಭಾರತದಿಂದ ಮೊದಲ ತಂಡ ಹೋಯ್ತು. ಪುಣೆಯ ಡೆಕ್ಕನ್ ಜಿಮ್ಖಾನಾದ ಓಡಾಟ, ದೊರಾಬ್ಜಿ ಟಾಟಾ ಅವರ ದುಡ್ಡು. ಆರು ಜನರಲ್ಲಿ ಇಬ್ಬರು ಕುಸ್ತಿಪಟುಗಳು, ಕುಮಾರ್ ನವಲೆ ಮತ್ತು ರಣಧೀರ್ ಶಿಂದೆ. ಶಿಂದೆ ನಾಲ್ಕನೇ ಸ್ಥಾನದವರೆಗೂ ಹೋದರು. ಮ್ಯಾರಥಾನ್ ಓಡಿದ ಫಡೆಪ್ಪ ದರೆಪ್ಪ ಚೌಗುಲೆ ನಮ್ಮ ಬೆಳಗಾವಿಯವರು, 19ನೆಯವರಾಗಿ ಗುರಿ ಮುಟ್ಟಿದರು. ಹೋದರು, ಆಡಿದರು, ಬಂದರು. ವಿದೇಶ ಪ್ರಯಾಣ ಇತ್ತು, ವಿದೇಶದ ಓದು ಇರಲಿಲ್ಲ.

ಎರಡು ಖಾತೆ ಒಮ್ಮೆ ಕೂಡಿದವು, ಅದೂ ಯಾವ ಯೋಜನೆಯಿಂದಲೂ ಅಲ್ಲ. ಖಾಶಾಬಾ ದಾದಾಸಾಹೇಬ್ ಜಾಧವ್, ಕರಾಡ ಹತ್ತಿರದ ಗೋಳೇಶ್ವರದ ಹುಡುಗ. ಕೊಲ್ಹಾಪುರದ ರಾಜಾರಾಮ್ ಕಾಲೇಜಿನ ವಿದ್ಯಾರ್ಥಿ. 1948ರ ಲಂಡನ್ ಒಲಿಂಪಿಕ್ಸ್‌ಗೆ ಕೊಲ್ಹಾಪುರದ ಮಹಾರಾಜರು ಖರ್ಚು ಕೊಟ್ಟರು. ಮಣ್ಣಿನ ಕುಸ್ತಿ ಆಡಿದ ಮೈ, ಮ್ಯಾಟ್ ಹೊಸದು, ಅಂತರರಾಷ್ಟ್ರೀಯ ನಿಯಮ ಹೊಸದು. ಆದರೂ ಆರನೇ ಸ್ಥಾನ. ನಾಲ್ಕು ವರ್ಷ ಬಿಟ್ಟು ಹೆಲ್ಸಿಂಕಿ. ಅಷ್ಟೊತ್ತಿಗೆ ಕೊಲ್ಹಾಪುರ ಸಂಸ್ಥಾನವೇ ಇರಲಿಲ್ಲ, ಮುಂಬೈ ಪ್ರಾಂತ್ಯದಲ್ಲಿ ಸೇರಿತ್ತು. ಇಲ್ಲಿ ಹೈದರಾಬಾದ್ ರಾಜ್ಯವೂ 1948ರ ಸೆಪ್ಟೆಂಬರಿನಲ್ಲಿ ಭಾರತದೊಳಗೆ ಬಂದಿತ್ತು. ರಾಜರ ಖಾತೆ ಬಂದ್ ಆಗಿತ್ತು, ಸರ್ಕಾರದ ಖಾತೆ ಇನ್ನೂ ಸರಿಯಾಗಿ ತೆರೆದಿರಲಿಲ್ಲ. ಆ ನಡುವಿನ ಸಂದಿಯಲ್ಲಿ ಸಿಕ್ಕಿಬಿದ್ದವರು ಜಾಧವ್.

ಊರವರು ಮನೆಮನೆ ತಿರುಗಿ ಪಟ್ಟಿ ಎತ್ತಿದರು. ಸಾಲಲಿಲ್ಲ. ಆಗ ರಾಜಾರಾಮ್ ಕಾಲೇಜಿನ ಪ್ರಾಂಶುಪಾಲ ಖರ್ಡೇಕರ್ ತಮ್ಮ ಮನೆ ಒತ್ತೆ ಇಟ್ಟು 7,000 ರೂಪಾಯಿ ಕೊಟ್ಟರು. 1952ರ ಏಳು ಸಾವಿರ! ಒಬ್ಬ ಕಾಲೇಜು ಪ್ರಾಂಶುಪಾಲ ತನ್ನ ವಿದ್ಯಾರ್ಥಿಯ ಕುಸ್ತಿಗಾಗಿ ಮನೆ ಒತ್ತೆ ಇಟ್ಟ. ನನ್ನ ಮಟ್ಟಿಗೆ ಭಾರತದ ಮೊದಲ ನಿಜವಾದ ಕ್ರೀಡಾ ಸ್ಕಾಲರ್‌ಶಿಪ್ ಇದೇ, ಸಹಿ-ಸೀಲು ಇಲ್ಲದ್ದು. 1952ರ ಜುಲೈ 23ರಂದು ಜಾಧವ್ ಕಂಚು ಗೆದ್ದರು, ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ. ಊರಿಗೆ ಬಂದಾಗ ನೂರಕ್ಕೂ ಹೆಚ್ಚು ಎತ್ತಿನ ಗಾಡಿಗಳ ಮೆರವಣಿಗೆ. ಆಮೇಲೆ ಅವರು ಕುಸ್ತಿ ಇಟ್ಟು, ಆಡಿ, ಸಾಲ ತೀರಿಸಿದರು ಅಂತ ಹೇಳ್ತಾರೆ. 1955ರಲ್ಲಿ ಪೊಲೀಸ್ ಸಬ್ ಇನ್ಸ್‌ಪೆಕ್ಟರ್ ನೌಕರಿ ಸಿಕ್ಕಿತು. ಅರ್ಜುನ ಪ್ರಶಸ್ತಿ ಬಂದದ್ದು ತೀರಿಕೊಂಡ ಎಷ್ಟೋ ವರ್ಷದ ಮೇಲೆ.

ಆ ನೌಕರಿಯ ಮಾತು ಸಣ್ಣದಲ್ಲ. ನಮ್ಮ ದೇಶ ಆಟಗಾರನ ಜೊತೆ ಮಾಡಿಕೊಂಡ ಒಪ್ಪಂದ ಅಲ್ಲೇ ಕಾಣ್ತದ. ನೀನು ಗೆಲ್ಲು, ನಾವು ನೌಕರಿ ಕೊಡ್ತೀವಿ. ಪೊಲೀಸ್, ರೈಲ್ವೆ, ಸೇನೆ. ಓದು ಆ ಒಪ್ಪಂದದಲ್ಲಿ ಇಲ್ಲ. ಇವತ್ತಿಗೂ ನಮ್ಮ ತಾಲೀಮಿನ ಹುಡುಗನ್ನ ಕೇಳ್ರಿ, "ಸ್ಪೋರ್ಟ್ಸ್ ಕೋಟಾದಾಗ ಭರ್ತಿ ಆದ್ರ ಸಾಕು ಅಣ್ಣಾ" ಅಂತಾನೆ. ಅವನ ಅಂದಾಜು ತಪ್ಪಲ್ಲ, ಎಪ್ಪತ್ತು ವರ್ಷದ ಇತಿಹಾಸವೇ ಅವನಿಗೆ ಹಂಗ ಕಲಿಸ್ಯದ.

ಈಗ ಸಮುದ್ರದಾಚೆ. ಅಮೆರಿಕದ ಕತೆ ಸ್ವಲ್ಪ ನಿಧಾನವಾಗಿ ಹೇಳ್ತೀನಿ, ಯಾಕಂದ್ರ ಏಜೆಂಟರು ಮಾರುವ ಕನಸೆಲ್ಲ ಬರೋದು ಅಲ್ಲಿಂದ.

ಅಮೆರಿಕದ ಮೊದಲ ಅಂತರ ಕಾಲೇಜು ಪಂದ್ಯ 1852ರ ದೋಣಿ ಸ್ಪರ್ಧೆ, ಹಾರ್ವರ್ಡ್ ಮತ್ತು ಯೇಲ್ ನಡುವೆ. ಖರ್ಚು ಕೊಟ್ಟದ್ದು ಒಂದು ರೈಲ್ವೆ ಕಂಪನಿ, ತನ್ನ ಮಾರ್ಗದ ಪಕ್ಕದ ಸರೋವರಕ್ಕೆ ಪ್ರವಾಸಿಗರು ಬರಲಿ ಅಂತ. ಅಂದರೆ ಮೊದಲ ದಿನದಿಂದಲೇ ಅಲ್ಲಿ ಕಾಲೇಜು ಆಟ ಅಂದರೆ ವ್ಯಾಪಾರ. ಮುಂದೆ ಫುಟ್‌ಬಾಲ್‌ಗೆ ಲಕ್ಷಗಟ್ಟಲೆ ಜನ, ದೊಡ್ಡ ಸ್ಟೇಡಿಯಂ. 1905ರಲ್ಲಿ ಮೈದಾನದಲ್ಲೇ ಹುಡುಗರು ಸತ್ತಾಗ ಅಧ್ಯಕ್ಷ ರೂಸ್‌ವೆಲ್ಟ್ ಕಾಲೇಜಿನವರನ್ನು ಕರೆದು ಮಾತಾಡಬೇಕಾಯ್ತು. ಆ ಗದ್ದಲದಿಂದಲೇ 1906ರಲ್ಲಿ ಎನ್‌ಸಿಎಎ ಹುಟ್ಟಿತು. ಈ ಹೆಸರು ಬಂದದ್ದು 1910ರಲ್ಲಿ.

ನಿಯಮ ಪ್ರಕಾರ ಆಟಗಾರರು ಹವ್ಯಾಸಿಗಳು, ಪೈಸೆ ತೆಗೆದುಕೊಳ್ಳಬಾರದು. ಒಳಗೊಳಗೆ ಎಲ್ಲರೂ ಕೊಡ್ತಿದ್ದರು. 1929ರಲ್ಲಿ ಕಾರ್ನೆಗಿ ಫೌಂಡೇಶನ್ ನೂರಕ್ಕೂ ಹೆಚ್ಚು ಕಾಲೇಜುಗಳನ್ನು ನೋಡಿ ವರದಿ ಕೊಟ್ಟಿತು, ಬಹುಪಾಲು ಕಡೆ ಒಂದಲ್ಲ ಒಂದು ರೀತಿಯಲ್ಲಿ ಆಟಗಾರರಿಗೆ ದುಡ್ಡು ಹೋಗ್ತಿತ್ತು. ಎರಡನೇ ನಂಬರ್ ಖಾತೆ ಅಂತೀವಲ್ಲ, ಅದೇ. 1948ರಲ್ಲಿ ಎನ್‌ಸಿಎಎ ಬಿಗಿ ನಿಯಮ ತಂತು: ಕೊಡೋದಾದರೆ ಫೀಸು ಕೊಡ್ರಿ, ಅದೂ ಬಡತನ ನೋಡಿ. ಏಳು ಕಾಲೇಜುಗಳು ನಾವು ಪಾಲಿಸಲ್ಲ ಅಂದವು. 1950ರಲ್ಲಿ ಅವನ್ನು ಹೊರಹಾಕುವ ಮತದಾನ ಬಿದ್ದುಹೋಯ್ತು, ಮರುವರ್ಷ ನಿಯಮವೇ ಹೋಯ್ತು. ಕೊನೆಗೆ 1956ರಲ್ಲಿ ಕದ್ದು ಕೊಡ್ತಿದ್ದನ್ನು ಬಿಳಿ ಲೆಕ್ಕದಲ್ಲಿ ತೋರಿಸೋಣ ಅಂತ ತೀರ್ಮಾನ ಆಯ್ತು. ಫೀಸು, ಕೋಣೆ, ಊಟ, ಪುಸ್ತಕ. ಮೇಲೆ ತಿಂಗಳಿಗೆ 15 ಡಾಲರ್ ದೋಬಿ ಖರ್ಚು. ನಿಜ ಹೇಳ್ತಿದ್ದೀನಿ, ಅದನ್ನು ಹಂಗೇ ಕರೀತಿದ್ದರು.

ಇದರ ಇನ್ನೊಂದು ಮುಖವೂ ಅದ. 1955ರಲ್ಲಿ ಕೊಲರಾಡೊದ ಫೋರ್ಟ್ ಲೂಯಿಸ್ ಕಾಲೇಜಿಗೆ ಫುಟ್‌ಬಾಲ್ ಆಡುತ್ತಿದ್ದ ರೇ ಡೆನಿಸನ್ ತಲೆಗೆ ಪೆಟ್ಟು ಬಿದ್ದು ಸತ್ತ. ಹೆಂಡತಿ, ಮಕ್ಕಳಿದ್ದವನು. ಅವನು ಕಾಲೇಜಿನ ನೌಕರ ಇದ್ದಂಗ, ಕಾರ್ಮಿಕರಿಗೆ ಕೊಡುವ ಪರಿಹಾರ ಕೊಡ್ರಿ ಅಂತ ಹೆಂಡತಿ ಕೇಳಿದಳು. 1957ರಲ್ಲಿ ಕೊಲರಾಡೊ ಸುಪ್ರೀಂ ಕೋರ್ಟ್ ಇಲ್ಲ ಅಂದುಬಿಟ್ಟಿತು. ಅದೇ ವರ್ಷಗಳಲ್ಲಿ ಎನ್‌ಸಿಎಎ ಮುಖ್ಯಸ್ಥ ವಾಲ್ಟರ್ ಬೈಯರ್ಸ್ ‘ವಿದ್ಯಾರ್ಥಿ-ಕ್ರೀಡಾಪಟು’ ಅನ್ನುವ ಪದವನ್ನು ಎಲ್ಲ ನಿಯಮಗಳಲ್ಲಿ ತುಂಬಿಸಿದರು. ಇಂಥ ಪರಿಹಾರದ ದಾವೆಗಳಿಂದ ತಪ್ಪಿಸಿಕೊಳ್ಳಲು ಆ ಪದ ಹುಟ್ಟಿತು ಅಂತ ಮುಂದೆ ಅವರೇ ತಮ್ಮ ಪುಸ್ತಕದಲ್ಲಿ ಬರೆದರು. ಎರಡು ಖಾತೆ ಒಂದಾದದ್ದು ನಿಜ, ಆದರೆ ಒಂದು ಮಾಡಿದವರು ಪುಣ್ಯಕ್ಕೆ ಮಾಡಲಿಲ್ಲ. ಅಮೆರಿಕದ ಕ್ರೀಡಾ ಸ್ಕಾಲರ್‌ಶಿಪ್ ಒಂದು ಬಹುಮಾನ ಅಲ್ಲ, ಕರಾರು. ನಿಮ್ಮ ಮಗಳು ಎಷ್ಟು ಪ್ರತಿಭಾವಂತೆ ಅನ್ನೋದು ಎರಡನೇ ಪ್ರಶ್ನೆ. ಆ ಕಾಲೇಜಿಗೆ ಆ ಆಟದ ತಂಡ ಇದೆಯೋ, ಆ ತಂಡಕ್ಕೆ ಈಕೆ ಬೇಕೋ, ಅದು ಮೊದಲನೇ ಪ್ರಶ್ನೆ.

ಇದನ್ನು ಯಾಕಿಷ್ಟು ಒತ್ತಿ ಹೇಳ್ತಿದ್ದೀನಿ ಅಂದ್ರ, ಕಮಲಾಪುರ ಕಡೆಯ ಒಬ್ಬ ತಂದೆ ಕಳಿಸಿದ ಧ್ವನಿ ಸಂದೇಶ. ಬಾಳೆ ತೋಟದವರು. ಮಗಳು ಪಿಯುಸಿ ಎರಡನೇ ವರ್ಷ, ಜೂಡೊ ಆಡ್ತಾಳೆ, ರಾಜ್ಯ ಮಟ್ಟದ ಪದಕ ಇದೆ. ಯಾರೋ ಏಜೆಂಟ್, "ಅಮೆರಿಕದಾಗ ಜೂಡೊಕ್ಕ ಫುಲ್ ಸ್ಕಾಲರ್‌ಶಿಪ್ ಅದ, ಮೊದಲು ರಿಜಿಸ್ಟ್ರೇಶನ್ ಫೀಸು ಕಟ್ರಿ" ಅಂದಾನಂತೆ. ಇವರು ಸೊಸೈಟಿಯಲ್ಲಿ ಸಾಲ ಎತ್ತಲು ತಯಾರಾಗಿದ್ದರು. "ತಮ್ಮಾ, ನೀ ಇದೆಲ್ಲ ಓದ್ತಿರ್ತೀಯಲ್ಲ, ಖರೆ ಏನು ಹೇಳು" ಅಂದರು.

ಖರೆ ಇದು. ಎನ್‌ಸಿಎಎ ಚಾಂಪಿಯನ್‌ಶಿಪ್ ಪಟ್ಟಿಯಲ್ಲಿ ಜೂಡೊ ಇಲ್ಲ. ಟೇಕ್ವಾಂಡೊ ಇಲ್ಲ. ಕರಾಟೆ ಇಲ್ಲ. ಬಾಕ್ಸಿಂಗ್ ಒಂದು ಕಾಲಕ್ಕೆ ಇತ್ತು, 1960ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಚಾರ್ಲಿ ಮೋರ್ ಎಂಬ ವಿದ್ಯಾರ್ಥಿ ರಿಂಗಿನ ಪೆಟ್ಟಿನಿಂದ ಸತ್ತ ಮೇಲೆ ಅದೂ ಹೋಯ್ತು. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆ ಸ್ಟೇಟ್‌ನಲ್ಲಿ ಯೋಶ್ ಉಚಿಡಾ ಎಂಬ ಗುರು ಕಟ್ಟಿದ ಹೆಸರಾಂತ ಜೂಡೊ ಪರಂಪರೆ ಇದೆ, ಅವರು 1964ರ ಟೋಕಿಯೊ ಒಲಿಂಪಿಕ್ಸ್‌ಗೆ ಅಮೆರಿಕ ಜೂಡೊ ತಂಡದ ಕೋಚ್. ಆದರೆ ಅಲ್ಲೂ ಜೂಡೊ ಎನ್‌ಸಿಎಎ ಲೆಕ್ಕದ ಹೊರಗೇ. ಒಲಿಂಪಿಕ್ಸ್‌ನಲ್ಲಿ ಇದ್ದ ಮಾತ್ರಕ್ಕೆ ಕಾಲೇಜು ಖಾತೆಯಲ್ಲಿ ಇರಬೇಕಂತಿಲ್ಲ.

ಪಟ್ಟಿಯಲ್ಲಿ ಇರುವ ಕಾದಾಟದ ಆಟ ಕುಸ್ತಿ, ಜೊತೆಗೆ ಕತ್ತಿವರಸೆ. ಕುಸ್ತಿಯ ಮೊದಲ ಎನ್‌ಸಿಎಎ ಚಾಂಪಿಯನ್‌ಶಿಪ್ 1928ರಲ್ಲೇ ಆಯ್ತು. ಆದರೆ ‘ಫುಲ್ ಸ್ಕಾಲರ್‌ಶಿಪ್’ ಅನ್ನೋದನ್ನು ಸ್ವಲ್ಪ ಬಿಡಿಸಿ ನೋಡ್ರಿ. ಬಹಳ ವರ್ಷ ಮೊದಲ ಶ್ರೇಣಿಯ ಕಾಲೇಜಿನ ಪುರುಷರ ಕುಸ್ತಿ ತಂಡಕ್ಕೆ ಇದ್ದ ಮಿತಿ 9.9 ಸ್ಕಾಲರ್‌ಶಿಪ್. ಹತ್ತಕ್ಕೂ ಒಂದು ದಶಾಂಶ ಕಮ್ಮಿ! ಆ 9.9ನ್ನು ಕೋಚ್ ಮೂವತ್ತು ಹುಡುಗರಿಗೆ ಹಂಚಬೇಕು, ಒಬ್ಬನಿಗೆ ಅರ್ಧ, ಒಬ್ಬನಿಗೆ ಕಾಲು, ಒಬ್ಬನಿಗೆ ಪುಸ್ತಕದ ಖರ್ಚು. 2025ರ ಜೂನ್‌ನಲ್ಲಿ ಒಂದು ಕೋರ್ಟ್ ರಾಜಿಗೆ ಒಪ್ಪಿಗೆ ಸಿಕ್ಕ ಮೇಲೆ ಲೆಕ್ಕ ಬದಲಾಗಿದೆ. ಅದಕ್ಕೆ ಸೇರಿದ ಕಾಲೇಜುಗಳಲ್ಲಿ ಕುಸ್ತಿ ತಂಡದಲ್ಲಿ 30 ಜನ ಇರಬಹುದು, ಎಲ್ಲರಿಗೂ ಕೊಡಬಹುದು. ಕೊಡಬಹುದು ಅಷ್ಟೇ, ಕೊಡಲೇಬೇಕು ಅಂತಿಲ್ಲ. ಮೂರನೇ ಶ್ರೇಣಿಯ ಕಾಲೇಜುಗಳು ಮತ್ತು ಹಾರ್ವರ್ಡ್, ಯೇಲ್ ಗುಂಪಿನವರು ಕ್ರೀಡಾ ಸ್ಕಾಲರ್‌ಶಿಪ್ ಕೊಡೋದೇ ಇಲ್ಲ.

ಇನ್ನೊಂದು ತೊಡಕು, ಅಲ್ಲಿನ ಕಾಲೇಜು ಕುಸ್ತಿಯ ಶೈಲಿಯೇ ಬೇರೆ. ಒಲಿಂಪಿಕ್ಸ್‌ನ ಫ್ರೀಸ್ಟೈಲ್ ಅಲ್ಲ. ಎದುರಾಳಿಯನ್ನು ಕೆಳಗೆ ಹಿಡಿದಿಟ್ಟ ಸಮಯಕ್ಕೂ ಅಂಕ. ನಮ್ಮ ಹುಡುಗ ಮಣ್ಣಿನಿಂದ ಮ್ಯಾಟಿಗೆ ಬಂದು ಒಮ್ಮೆ ಕಲಿತಿರ್ತಾನೆ, ಅಲ್ಲಿ ಮತ್ತೊಮ್ಮೆ ಕಲಿಯಬೇಕು.

ಹೆಣ್ಣುಮಕ್ಕಳ ಬಾಗಿಲು ಮಾತ್ರ ಈಗ ತೆರೀತಾ ಇದೆ. ಸರ್ಕಾರದ ಹಣ ಪಡೆಯುವ ಶಿಕ್ಷಣದಲ್ಲಿ ಹೆಣ್ಣು-ಗಂಡು ಭೇದ ಮಾಡಬಾರದು ಅಂತ 1972ರಲ್ಲಿ ಅಮೆರಿಕ ಕಾನೂನು ಮಾಡಿತು. ಅದರ ಬಲದಿಂದಲೇ ಅಲ್ಲಿ ಹೆಣ್ಣುಮಕ್ಕಳ ಕಾಲೇಜು ತಂಡಗಳು ಬೆಳೆದವು. 2025ರ ಜನವರಿಯಲ್ಲಿ ಮಹಿಳಾ ಕುಸ್ತಿಯನ್ನು ಎನ್‌ಸಿಎಎ ತನ್ನ ಚಾಂಪಿಯನ್‌ಶಿಪ್ ಆಟವಾಗಿ ಸೇರಿಸಿಕೊಂಡಿತು. ಜೂಡೊದಿಂದ ಕುಸ್ತಿಗೆ ಹೊರಳಿದ ಹುಡುಗಿಯರು ನಮ್ಮಲ್ಲೂ ಇದ್ದಾರೆ. ಆದರೆ ಅದು ವರ್ಷಗಳ ಕೆಲಸ, ರಿಜಿಸ್ಟ್ರೇಶನ್ ಫೀಸಿನ ಕೆಲಸ ಅಲ್ಲ. ಇಷ್ಟನ್ನೂ ಆ ತಂದೆಗೆ ಫೋನ್ ಮಾಡಿ ಹೇಳಿದೆ. "ಹಂಗಾದ್ರ ಜೂಡೊ ಎಲ್ಲಿ ಹುಟ್ಯದೋ ಅಲ್ಲೇ ಕೇಳೋಣೇನು?" ಅಂದರು. ಒಳ್ಳೇ ಪ್ರಶ್ನೆ.

ಜೂಡೊ ಹುಟ್ಟಿಸಿದ ಕಾನೊ ಜಿಗೊರೊ ವೃತ್ತಿಯಿಂದ ಮೇಷ್ಟ್ರು. 1882ರಲ್ಲಿ ಟೋಕಿಯೊದ ಒಂದು ದೇವಸ್ಥಾನದಲ್ಲಿ 12 ಚಾಪೆ ಹಾಸಿ, ಒಂಬತ್ತು ಶಿಷ್ಯರಿಂದ ಕೊಡೊಕಾನ್ ಶುರು ಮಾಡಿದರು. ಮುಂದೆ ಶಿಕ್ಷಕರ ತರಬೇತಿಯ ದೊಡ್ಡ ಕಾಲೇಜಿನ ಪ್ರಾಂಶುಪಾಲರಾದರು. ಇವತ್ತಿನ ತ್ಸುಕುಬಾ ವಿಶ್ವವಿದ್ಯಾಲಯದ ಮೂಲ ಅದು. 1896ರಿಂದ ಚೀನಾದ ವಿದ್ಯಾರ್ಥಿಗಳನ್ನು ಕರೆಸಿಕೊಂಡು ಓದಿಸಿದರು. ಅಂದರೆ ಕಾದಾಟದ ಕಲೆ, ಕಾಲೇಜು, ವಿದೇಶಿ ವಿದ್ಯಾರ್ಥಿ ಮೂರನ್ನೂ ಒಂದೇ ಕಡೆ ಕಂಡ ಮನುಷ್ಯ. ಅದನ್ನು ನಮ್ಮಲ್ಲಿ ಗುರುತಿಸಿದವರು ಟಾಗೋರ್. 1929ರಲ್ಲಿ ತಕಾಗಾಕಿ ಎಂಬ ಜೂಡೊ ಗುರುವನ್ನು ಜಪಾನಿನಿಂದ ಶಾಂತಿನಿಕೇತನಕ್ಕೆ ಕರೆಸಿದರು, ಹುಡುಗಿಯರೂ ಕಲಿತರು. ಎರಡು ವರ್ಷ ನಡೀತು, ಖರ್ಚು ಹೊರಲು ಆಗದೆ ನಿಂತಿತು.

ಇವತ್ತು ಜಪಾನ್ ಸರ್ಕಾರದ ಮೆಕ್ಸ್ಟ್ ಸ್ಕಾಲರ್‌ಶಿಪ್ ಇದೆ, ಪಿಯುಸಿ ಮುಗಿಸಿದವರಿಗೂ ಇದೆ, ಆದರೆ ಆಯ್ಕೆ ರಾಯಭಾರ ಕಚೇರಿಯ ಲಿಖಿತ ಪರೀಕ್ಷೆಯಿಂದ. ಕೊರಿಯಾದಲ್ಲಿ ಟೇಕ್ವಾಂಡೊಗೇ ಪದವಿ ವಿಭಾಗಗಳಿವೆ, ಯೋಂಗಿನ್ ವಿಶ್ವವಿದ್ಯಾಲಯ ಶುರುವಾದದ್ದೇ 1953ರಲ್ಲಿ ಜೂಡೊ ಶಾಲೆಯಾಗಿ. ಅಲ್ಲಿನ ಸರ್ಕಾರದ ಗ್ಲೋಬಲ್ ಕೊರಿಯಾ ಸ್ಕಾಲರ್‌ಶಿಪ್ ವಿಮಾನ ಟಿಕೆಟು, ಫೀಸು, ತಿಂಗಳ ಖರ್ಚು, ಒಂದು ವರ್ಷ ಭಾಷೆ ಕಲಿಕೆ ಎಲ್ಲ ಕೊಡ್ತದೆ. ಪದವಿಗೆ ಹೋಗಲು 25ರ ಒಳಗಿನ ವಯಸ್ಸು, ಶೇ 80 ಅಂಕ ಬೇಕು. ಪದಕ ಅರ್ಜಿಗೆ ಮೆರುಗು ಕೊಡಬಹುದು, ಬಾಗಿಲು ತೆಗೆಯೋದು ಅಂಕಪಟ್ಟಿ. ನಮ್ಮ ದೇಶದ ರಾಷ್ಟ್ರೀಯ ವಿದೇಶಿ ವಿದ್ಯಾರ್ಥಿವೇತನವೂ ಹಂಗೇ. 1954-55ರಿಂದ ನಡೀತಿರುವ ಯೋಜನೆ, ಪರಿಶಿಷ್ಟ ಜಾತಿ, ಅಲೆಮಾರಿ, ಭೂರಹಿತ ಕೂಲಿ ಮತ್ತು ಕುಶಲಕರ್ಮಿ ಕುಟುಂಬಗಳಿಗೆ ವರ್ಷಕ್ಕೆ 125. ಕುಟುಂಬದ ಆದಾಯ 8 ಲಕ್ಷದ ಒಳಗೆ, ಅಂಕ ಶೇ 60, ಸ್ನಾತಕೋತ್ತರ ಮತ್ತು ಪಿಎಚ್‌ಡಿಗೆ ಮಾತ್ರ. ಜೂಡೊ ಎಂಬ ಕಾಲಂ ಅದರಲ್ಲಿಲ್ಲ.

ಆಟದ ಖಾತೆಯಲ್ಲಿ ದುಡ್ಡು ಇಲ್ಲ ಅಂತಲ್ಲ. ಖೇಲೋ ಇಂಡಿಯಾದಲ್ಲಿ ಆಯ್ಕೆ ಆದವರಿಗೆ ತರಬೇತಿ, ವಸತಿ ಜೊತೆ ತಿಂಗಳಿಗೆ 10,000 ರೂಪಾಯಿ ಕೈಖರ್ಚು. ಒಲಿಂಪಿಕ್ಸ್ ಗುರಿಯ ಟಾಪ್ಸ್ ಯೋಜನೆಯ ಮುಖ್ಯ ಪಟ್ಟಿಯಲ್ಲಿದ್ದರೆ ತಿಂಗಳಿಗೆ 50,000. ಬೆಳಗಾವಿಯ ತುರಮುರಿ ಎಂಬ ಹಳ್ಳಿಯ ಮಲಪ್ರಭಾ ಜಾಧವ್, ಜೂಡೊ ಆಡ್ತಾ ಬೆಳೆದ ಹುಡುಗಿ, 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಕುರಾಶ್ ಆಟದಲ್ಲಿ ಕಂಚು ತಂದಳು. ಬಾಗಲಕೋಟೆಯ ಅರ್ಜುನ್ ಹಲಕುರ್ಕಿ 2020ರ ಏಷ್ಯನ್ ಕುಸ್ತಿಯಲ್ಲಿ ಗ್ರೀಕೊ-ರೋಮನ್ 55 ಕೆ.ಜಿ.ಯಲ್ಲಿ ಕಂಚು ಗೆದ್ದ. ಉತ್ತರ ಕರ್ನಾಟಕದ ಮಣ್ಣಿನಲ್ಲಿ ಕಸುವಿಗೆ ಏನೂ ಬರ ಇಲ್ಲ. ಖುರಾಕಿನ ಖಾತೆ ಸೋಮೇಶ್ವರನ ಕಾಲದಿಂದ ಇವತ್ತಿನ ತನಕ ಹೆಂಗೋ ನಡ್ಕೊಂಡು ಬಂದದ. ಅದರಿಂದ ಫೀಸಿನ ಖಾತೆಗೆ ವರ್ಗಾವಣೆ ಮಾಡುವ ಚೆಕ್ಕು ಮಾತ್ರ ನಮ್ಮ ಯಾವ ಇಲಾಖೆಯೂ ಇನ್ನೂ ಬರೆದಿಲ್ಲ. ಆ ಚೆಕ್ಕು ಇಲ್ಲದ ಜಾಗದಲ್ಲೇ ಏಜೆಂಟರು ಅಂಗಡಿ ಇಟ್ಟಿರೋದು.

ಕುಸ್ತಿ ಆಡುವ ಮಕ್ಕಳ ಮನೆಯವರಿಗೆ ಕೊನೆಗೆ ಎರಡು ಕೆಲಸದ ಮಾತು. ಅಮೆರಿಕದ ಕೋಚ್‌ಗಳಿಗೆ ನೇರವಾಗಿ ಬರೆಯಬಹುದು, ಅದಕ್ಕೆ ಮಧ್ಯವರ್ತಿ ಬೇಕಿಲ್ಲ. ಅವರು ಕೇಳೋದು ಪಂದ್ಯದ ವಿಡಿಯೊ, ತೂಕ, ಅಧಿಕೃತ ಫೆಡರೇಶನ್ನಿನ ಫಲಿತಾಂಶ, ಮತ್ತೆ 9ರಿಂದ 12ನೇ ತರಗತಿ ತನಕದ ಅಂಕಪಟ್ಟಿಗಳು. ಒಂಬತ್ತನೆಯದು ಯಾರೂ ಜೋಪಾನ ಮಾಡಿರಲ್ಲ, ಶಾಲೆಗೆ ಹೋಗಿ ಈಗಲೇ ತೆಗೆಸಿಕೊಳ್ರಿ. ಪಿಯುಸಿ ಆದಮೇಲೆ ಎರಡು-ಮೂರು ವರ್ಷ ಬರೀ ಕುಸ್ತಿ ಆಡ್ಕೊಂಡು ಕೂತರೆ ಅಲ್ಲಿ ಆಡಲು ಸಿಗುವ ವರ್ಷಗಳೇ ಕಡಿತ ಆಗಬಹುದು. ಇನ್ನೊಂದು, ಜಾತ್ರೆಯ ಇನಾಮು ಕುಸ್ತಿ. ಖರ್ಚಿಗಿಂತ ಹೆಚ್ಚು ನಗದು ಬಹುಮಾನ ತೆಗೆದುಕೊಂಡರೆ ಹವ್ಯಾಸಿಯೋ ವೃತ್ತಿಪರನೋ ಅನ್ನುವ ಪ್ರಶ್ನೆ ಅಲ್ಲಿ ಏಳ್ತದೆ. ಬೆಳ್ಳಿ ಕಡಗ ಗೆದ್ದ ಹುಡುಗ ಜಾತ್ರಾ ಕಮಿಟಿಯಿಂದ ಯಾವ ದಿನ, ಎಷ್ಟು ಅಂತ ಒಂದು ಚೀಟಿ ಬರೆಸಿಕೊಳ್ಳಲಿ. ಬಸ್ ಚಾರ್ಜು, ಹಾಲು-ಬಾದಾಮಿಯ ಲೆಕ್ಕವನ್ನೂ ಅದರ ಜೊತೆಗೇ ಇಡಲಿ.